ಇಪ್ಪತ್ತೊಂಬತ್ತು ಗುಂಡಿ

ಭಾನುವಾರ ಸಂಜೆ ಐದು ಗಂಟೆಗೆ ನಮ್ಮ ಹೊಲಿಗೆ ಕ್ಲಾಸಿನ ಬಾಗಿಲಿಗೆ ಕಪ್ಪು ಹಲಗೆ ನೇತುಹಾಕುತ್ತೇವೆ. ಪೇಟೆಬೀದಿಯ ಮಂದಿ ಒಬ್ಬೊಬ್ಬರಾಗಿ ಬಂದು ಓದಿಕೊಂಡು ಹೋಗುತ್ತಾರೆ. ಹಲಗೆಯ ಮೇಲೆ ಹೆಚ್ಚೇನೂ ಇರುವುದಿಲ್ಲ. ಆಲ್ಬಂನ ಹೆಸರು, ಹಾಡಿದವರ ಹೆಸರು, ಕೆಳಗೆ ಒಂದು ಅಂಕಿ. ಅಂಕಿ ಮೂವತ್ತು ಮುಟ್ಟಿದರೆ ಕ್ಯಾಸೆಟ್ ಅಂಗಡಿಯವನು ಮಾರನೆಯ ದಿನವೇ ಇನ್ನಷ್ಟು ಪ್ರತಿ ತರಿಸುತ್ತಾನೆ. ಇಪ್ಪತ್ತರ ಕೆಳಗಿದ್ದರೆ ಇದ್ದವನ್ನೂ ಹಿಂದಿನ ಸಾಲಿಗೆ ತಳ್ಳುತ್ತಾನೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದು ಬಂದಿದೆ. ನಾಲ್ಕು ಜನ ಹೆಂಗಸರು ಹಿತ್ತಾಳೆ ಬಟ್ಟಲಿಗೆ ಹಾಕುವ ಷರ್ಟಿನ ಗುಂಡಿಗಳು ಒಂದು ಊರಿನ ಕಿವಿಯನ್ನು ನಡೆಸುತ್ತವೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ನನಗೆ ಅದರ ಬಗ್ಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ನಮ್ಮೂರಲ್ಲಿ ಯಂತ್ರ ಹಾಡಿದ್ದು ಮೂರು ದಿನ ಬಿಟ್ಟು ಕೇಳುತ್ತದೆ. ಬುಧವಾರ ಹನ್ನೊಂದಕ್ಕೆ ಟೇಪ್ ರೆಕಾರ್ಡರಿನ ಮುಂದೆ ಕೂತರೆ ಆಗ ಕೇಳುವುದು ಒಳಗೆ ಸುರುಳಿ ತಿರುಗುವ ಕಿರಿಕಿರಿ ಮಾತ್ರ. ಹಾಡು ಬರುವುದು ಶನಿವಾರ ಹನ್ನೊಂದಕ್ಕೆ. ಮುಂದೆ ಯಾರು ಕೂತಿದ್ದರೋ ಅವರ ಕಿವಿಗಷ್ಟೇ ಬರುತ್ತದೆ, ಅವರು ಆಗ ಎಲ್ಲಿದ್ದರೆ ಅಲ್ಲಿಗೇ ಬರುತ್ತದೆ. ಮನುಷ್ಯರು ಎದುರಿಗೆ ಹಾಡಿದ್ದು ಎಲ್ಲ ಊರುಗಳ ಹಾಗೆ ಆಗಿಂದಾಗಲೇ ಕೇಳುತ್ತದೆ. ಹುಟ್ಟಿದಾಗಿನಿಂದ ಇದನ್ನೇ ಕಂಡವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಮೂರು ದಿನದ ಮೇಲೆ ತಾನು ಎಲ್ಲಿರಬಹುದು ಎಂದು ಯೋಚಿಸದೆ ಯಾರೂ ಕ್ಯಾಸೆಟ್ ಹಾಕುವುದಿಲ್ಲ. ಯೋಚಿಸಿದ ಮೇಲೂ ಲೆಕ್ಕ ತಪ್ಪುತ್ತದೆ. ಪದ್ಮಾಂಬನವರ ಯಜಮಾನರು ತಮ್ಮ ಷಡ್ಡಕನ ತಿಥಿಯ ದಿನ ಎಲೆಯ ಮುಂದೆ ಕೂತು ತೊಡೆ ತಟ್ಟಿಕೊಂಡು ತಾಳ ಹಾಕಿದ್ದನ್ನು ಜನ ಈಗಲೂ ಹೇಳಿಕೊಂಡು ನಗುತ್ತಾರೆ. ಬೀದಿಯಲ್ಲಿ ಯಾರಾದರೂ ನಿಂತಲ್ಲೇ ನಿಂತು ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರೆ ನಾವು ಮಾತಾಡಿಸುವುದಿಲ್ಲ. ‘ಅವರಿಗೆ ಹಾಡು ಬಂದಿದೆ’ ಎಂದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತೇವೆ. ಎತ್ತಿನ ಗಾಡಿಯೂ ಸರಿದು ಹೋಗುತ್ತದೆ.

ಹಾಡು ಬಂದಾಗ ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಎನ್ನುವುದನ್ನು ಮೊದಲು ಹೇಳಿ ಆಮೇಲೆ ಗುಂಡಿ ಹಾಕಬೇಕು. ಇದು ನಮ್ಮ ಕೂಟದ ಮೊದಲ ನಿಯಮ. ಎರಡನೆಯದು, ಹಾಡು ಬಂದ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದೆಲ್ಲ ಹಾಡಿಗೇ ಸೇರಿದ್ದು. ಕುಕ್ಕರ್ ಕೂಗಿದರೂ ಪಕ್ಕದ ಮನೆಯವರು ಜಗಳವಾಡಿದರೂ ಹಾಡು ಅದನ್ನು ತಾಳಿಕೊಂಡು ನಿಲ್ಲಬೇಕು. ಹಾಡಿದವರು ಊರಲ್ಲೇ ಇದ್ದರೆ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳಬಹುದು, ಆದರೆ ಬಾಗಿಲಿಗೆ ಹಲಗೆ ಬೀಳುವವರೆಗೆ ಬಾಯಿ ಬಿಡುವಂತಿಲ್ಲ. ಈ ಮೂರನ್ನೂ ಮಾಡಿದವಳು ನಾನು. ಒಬ್ಬೊಬ್ಬರ ಕೈಯಲ್ಲಿ ಹತ್ತು ಗುಂಡಿ, ಬಟ್ಟಲಿಗೆ ಎಷ್ಟು ಬಿದ್ದರೆ ಅಷ್ಟು.

ನಾಲ್ವರಲ್ಲಿ ಹಿರಿಯರು ಪದ್ಮಾಂಬನವರು, ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಎಲ್ಲರಿಗೂ ಎಂಟು ಹಾಕುವವರು. ಖುರ್ಷಿದಾ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಹಾಡು ಹಿಡಿಸಿದರೆ ಅಳುತ್ತಾಳೆ, ಹಿಡಿಸದಿದ್ದರೆ ಬಯ್ಯುತ್ತಾಳೆ, ನಡುವೆ ಏನೂ ಇಲ್ಲ. ಎಸ್ತರ್ ಟೀಚರ್ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ನಾಲ್ಕನೆಯವಳು ನಾನು, ಇಂದುಮತಿ, ಹೊಲಿಗೆ ಕ್ಲಾಸು ನನ್ನದೇ. ಊರಲ್ಲಿ ನನಗೆ ಆರು ಗುಂಡಿ ಇಂದುಮತಿ ಎಂದು ಹೆಸರು. ಆರಕ್ಕಿಂತ ಮೇಲೆ ಹಾಕಿದ್ದು ಬೆರಳೆಣಿಕೆಯ ಸಲ, ಹತ್ತು ಒಮ್ಮೆಯೂ ಇಲ್ಲ.

ನಮ್ಮ ಮಾತು ಹೇಗಿರುತ್ತದೆ ಎಂದರೆ, ಹೋದ ಮಾಘದಲ್ಲಿ ಯಾವುದೋ ದೂರದ ಪಟ್ಟಣದ ಗಾಯಕರ ಆಲ್ಬಂ ಬಂದಿತ್ತು. ಹೊದಿಕೆಯ ಮೇಲೆ ಅವರದೇ ದೊಡ್ಡ ಫೋಟೋ, ಹೆಗಲಿಗೆ ರೇಷ್ಮೆ ಶಾಲು.

“ದನಿ ಚೆನ್ನಾಗಿದೆ ಕಣ್ರೀ,” ಎಂದಳು ಖುರ್ಷಿದಾ. “ಆದ್ರೆ ಎಂಟಕ್ಕೆ ಎಂಟೂ ಹಾಡು ಬಸ್ಸು ತಪ್ಪಿಹೋಗತ್ತೆ ಅನ್ನೋ ಹಾಗೆ ಓಡ್ತಾವಲ್ಲ, ಯಾರು ಅಟ್ಟಿಸ್ಕೊಂಡು ಬಂದಿದ್ರು ಅವ್ರನ್ನ?”

“ನಾಲ್ಕನೇದು ನಿಧಾನ ಇತ್ತಲ್ಲಮ್ಮ,” ಎಂದರು ಪದ್ಮಾಂಬನವರು.

“ಅದು ನಿಧಾನ ಅಲ್ಲ, ನಿದ್ದೆ,” ಎಂದರು ಎಸ್ತರ್ ಟೀಚರ್.

“ಪಾಪ, ಎಂಟು ಹಾಕ್ತೀನಿ.”

“ನೀವು ಕಾಗೆ ಕೂಗಿದ್ರೂ ಎಂಟು ಹಾಕ್ತೀರಾ, ಪದ್ಮಾಂಬನೋರೆ.”

“ಬೆಳಿಗ್ಗೆ ಹೊತ್ತು ಕಾಗೆ ಕೂಗಿದ್ರೆ ಎಷ್ಟು ಚೆನ್ನಾಗಿರತ್ತೆ, ನೀವು ಕೇಳಿಲ್ಲ ಅಷ್ಟೆ.”

ಆ ಗಾಯಕರಿಗೆ ಹತ್ತೊಂಬತ್ತು ಬಿತ್ತು. ಕ್ಯಾಸೆಟ್ ಅಂಗಡಿಯವನು ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ.

ಹೈಮವತಿಯ ಆಲ್ಬಂ ನಮ್ಮ ಮುಂದೆ ಬಂದದ್ದು ಆಮೇಲೆ ಎರಡು ತಿಂಗಳಿಗೆ. ಹೈಮ ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಮನೆ ಪಾಲಾದಾಗ ನಡುವೆ ಗೋಡೆ ಎಬ್ಬಿಸಿದರು. ಗೋಡೆಯ ಆಚೆ ಅವಳ ಅಡುಗೆಮನೆ, ಈಚೆ ನನ್ನದು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಹಬ್ಬಕ್ಕೆ ಒಬ್ಬರಿಗೊಬ್ಬರು ಒಬ್ಬಟ್ಟು ಕೊಡುತ್ತಿದ್ದೆವು, ಜ್ವರ ಬಂದರೆ ಗಂಜಿ ಕೊಡುತ್ತಿದ್ದೆವು. ಹಾಡಿನ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಅವಳು ಸೊಸೆಯಾಗಿ ಮನೆ ತುಂಬಿದ ದಿನ ಆರತಿಯ ಹಾಡು ಹೇಳು ಎಂದು ಅತ್ತೆ ಕರೆದದ್ದು ನನ್ನನ್ನು. ಆ ಮನೆಯಲ್ಲಿ ಐದು ವರ್ಷದಿಂದ ಹಾಡುವವಳು ನಾನೇ ಆಗಿದ್ದೆ. ನಾನು ಹಾಡಿದೆ, ಚೆನ್ನಾಗಿಯೇ ಹಾಡಿದೆ. ಆಮೇಲೆ ಯಾರೋ, ಹೊಸ ಹುಡುಗಿಗೂ ಬರುತ್ತದಂತೆ ಎಂದರು. ಅವಳು ತಗ್ಗಿಸಿದ ತಲೆ ಎತ್ತದೆ ನಾಲ್ಕು ಸಾಲು ಹಾಡಿದಳು. ಪಂಕ್ತಿಗೆ ಎಲೆ ಹಾಕುತ್ತಿದ್ದ ಅಡುಗೆಯವರು ಎಲೆ ಹಿಡಿದುಕೊಂಡೇ ನಿಂತರು. ಮುಂದಿನ ಹಬ್ಬಕ್ಕೆ ಅತ್ತೆ ಕರೆದದ್ದು ಅವಳನ್ನು. ನೀನು ಬೇಡ ಎಂದು ಯಾರೂ ನನಗೆ ಹೇಳಲಿಲ್ಲ. ಕರೆಯಲಿಲ್ಲ, ಅಷ್ಟೆ. ಮರುವರ್ಷ ನಾನು ಗುಂಡಿಯ ಬಟ್ಟಲು ಹಿಡಿದೆ. ಹಾಡುವವರಿಗಿಂತ ಕೇಳುವವರಿಗೆ ಊರಿನಲ್ಲಿ ಬೆಲೆ ಬರುವ ಹಾಗೆ ಮಾಡಿದೆ. ಹೈಮಳಿಗೆ ಮಾತ್ರ ಚೆನ್ನಾಗಿ ಹಾಡ್ತೀಯ ಎಂಬ ಒಂದು ಮಾತನ್ನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಇಪ್ಪತ್ತಮೂರು ವರ್ಷ ಕಳೆದೆ.

ಹೊಳೆಯಾಚೆಯ ಊರಿನಿಂದ ಕ್ಯಾಸೆಟ್ ಕಂಪನಿಯ ಪಶುಪತಿ ಎಂಬಾತ ಯಾವುದೋ ಮದುವೆಯಲ್ಲಿ ಅವಳ ಹಾಡು ಕೇಳಿ ಒಂದು ಆಲ್ಬಂ ಮಾಡಿಸಿದ. ಹೆಸರು ‘ಬಾಗಿಲು ತೆಗೆದಿದೆ’. ಎಂಟು ಹಾಡು, ಎಲ್ಲ ಅವಳೇ ಕಟ್ಟಿದವು. ನಿಮ್ಮೂರ ಹಲಗೆಯ ಮೇಲೆ ಮೂವತ್ತು ಬಿದ್ದರೆ ಎರಡನೆಯದನ್ನೂ ಮಾಡೋಣ, ಇಲ್ಲದಿದ್ದರೆ ಇದೊಂದಕ್ಕೇ ಸಾಕು ಎಂದು ಅವನು ಎಲ್ಲರ ಎದುರಿಗೇ ಹೇಳಿದ್ದ. ಹೈಮಳಿಗೆ ಆಗ ನಲವತ್ತನಾಲ್ಕು. ಇನ್ನೊಂದು ಸಲ ಯಾರೂ ಹುಡುಕಿಕೊಂಡು ಬರುವ ವಯಸ್ಸಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕ್ಯಾಸೆಟ್ಟನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು.

“ಅಕ್ಕ, ನಮ್ಮವಳು ಅಂತ ನೋಡ್ಬೇಡಿ. ನಾಲ್ಕಾದ್ರೆ ನಾಲ್ಕೇ ಹಾಕಿ.”

“ನೋಡೋದೂ ಇಲ್ಲ,” ಎಂದೆ. ಮಾತು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು.

“ನೀವೆಲ್ಲ ಬುಧವಾರ ತಾನೆ ಕ್ಯಾಸೆಟ್ ಹಾಕೋದು, ಶನಿವಾರ ನಾನು ಬೆಳಿಗ್ಗೇನೇ ಅಮ್ಮನ ಮನೆಗೆ ಹೋಗ್ಬಿಡ್ತೀನಿ. ನಿಮಗೆಲ್ಲ ಹಾಡು ಬರೋ ಹೊತ್ತಲ್ಲಿ ನನಗೆ ಇಲ್ಲಿ ಕೂರೋಕಾಗಲ್ಲ.”

ಅದನ್ನು ಕೇಳಿದ ಮೇಲೆಯೇ ನಾನು ಲೆಕ್ಕ ಹಾಕಿದ್ದು. ಶನಿವಾರ ಹೊಲಿಗೆ ಕ್ಲಾಸಿಲ್ಲ, ನಮ್ಮವರು ಸಂತೆಗೆ ಹೋಗುತ್ತಾರೆ, ಗೋಡೆಯಾಚೆ ಯಾರೂ ಇರುವುದಿಲ್ಲ. ಬುಧವಾರ ಹನ್ನೊಂದಕ್ಕೆ ಕ್ಯಾಸೆಟ್ ಹಾಕಿ ಅದರ ಮುಂದೆ ಅಲುಗದೆ ಕೂತೆ. ಯಾರ ಆಲ್ಬಂಗೂ ಅಷ್ಟು ಎಚ್ಚರಿಕೆಯಿಂದ ಹೊತ್ತು ಆರಿಸಿರಲಿಲ್ಲ. ಅವಳಿಗೆ ನ್ಯಾಯ ಸಿಗಬೇಕು ಎಂದುಕೊಂಡೆ. ಅವಳಿಗೆ ಕಮ್ಮಿ ಹಾಕಬೇಕಾಗಿ ಬಂದರೆ ಯಾವ ಕುಕ್ಕರಿನ ಮೇಲೂ ತಪ್ಪು ಹೊರಿಸುವಂತಿರಬಾರದು ಎಂದೂ ಅಂದುಕೊಂಡೆ. ಎರಡರಲ್ಲಿ ಯಾವುದು ಮೊದಲು ಬಂತು ಎಂದು ಈಗ ಹೇಳಲಾರೆ.

ಶನಿವಾರ ಮೊರದಲ್ಲಿ ಅಕ್ಕಿ ಹಾಕಿಕೊಂಡು ನಡುಗೋಡೆಗೆ ಒರಗಿ ಕೂತೆ. ಕೈ ಖಾಲಿ ಇದ್ದರೆ ನನ್ನ ಮನಸ್ಸು ಓಡುತ್ತದೆ, ಹಾಡು ಬರುವಾಗ ಏನಾದರೂ ಕೇರುತ್ತಲೋ ಕಾಜಾ ಹೊಲಿಯುತ್ತಲೋ ಇರುತ್ತೇನೆ. ಹನ್ನೊಂದಕ್ಕೆ ಸರಿಯಾಗಿ ಹಾಡು ಬಂತು. ದನಿ ಅವಳದೇ. ಆದರೆ ಯಾರೋ ಅವಳಿಗೆ ಹೊಸ ಸೀರೆ ಉಡಿಸಿ, ಉಸಿರು ಬಿಡಲಾಗದ ಹಾಗೆ ಪಿನ್ನು ಚುಚ್ಚಿ ನಿಲ್ಲಿಸಿದಂತಿತ್ತು. ಹಿಂದೆ ಕೀಬೋರ್ಡಿನವನು ಒಂದೇ ಸಮನೆ ಸಂದುಗೊಂದನ್ನೆಲ್ಲ ತುಂಬುತ್ತಿದ್ದ. ಕೆಟ್ಟದ್ದೆನ್ನುವಂತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆರು ಹಾಕಿ ಸುಮ್ಮನಾಗುತ್ತಿದ್ದೆ.

ಮೂರನೆಯ ಹಾಡು, ಆಲ್ಬಂಗೆ ಹೆಸರು ಕೊಟ್ಟ ಹಾಡು, ಎರಡನೆಯ ಚರಣದಲ್ಲಿದ್ದಾಗ ಗೋಡೆಯಾಚೆ ಬಾಗಿಲು ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು, ಚೀಲ ನೆಲಕ್ಕಿಟ್ಟ ಸದ್ದು, ಸ್ಟವ್ ಹಚ್ಚಿದ ಸದ್ದು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಹೈಮ ವಾಪಸು ಬಂದಿದ್ದಳು. ನನಗೆ ಹಾಡು ಬಂದಿರುವುದು ಅವಳಿಗೆ ಗೊತ್ತಿಲ್ಲ. ಸ್ಟವ್ ಹಚ್ಚಿದರೆ ಅವಳಿಗೆ ಹಾಡದೆ ಇರಲು ಬರುವುದಿಲ್ಲ. ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಂಡಳು.

ಒಳಕಿವಿಯಲ್ಲಿ ಒಬ್ಬ ಹೈಮ, ಬೆನ್ನಿಗೆ ಒತ್ತಿದ ಗೋಡೆಯಲ್ಲಿ ಇನ್ನೊಬ್ಬ ಹೈಮ. ‘ಬಾಗಿಲು ತೆಗೆದಿದೆ, ಬಂದವರು ಯಾರು’ ಎಂಬುದು ಪಲ್ಲವಿ. ಕ್ಯಾಸೆಟ್ಟಿನವಳು ಎರಡು ತುಂಡನ್ನೂ ಒಂದೇ ಉಸಿರಿಗೆ ಹೇಳಿ ಮುಂದೆ ಹೋದಳು, ನಡುವೆ ಸಿಕ್ಕ ಚೂರು ಜಾಗದಲ್ಲೂ ಕೀಬೋರ್ಡಿನವನು ಬೆರಳಾಡಿಸಿದ. ಗೋಡೆಯಾಚೆಯವಳು ‘ಬಾಗಿಲು ತೆಗೆದಿದೆ’ ಎಂದು ನಿಂತಳು. ಎಷ್ಟು ಹೊತ್ತು ನಿಂತಳೆಂದರೆ, ನಿಜಕ್ಕೂ ಹೊಸಿಲಿನಲ್ಲಿ ಯಾರೋ ಬಂದು ನಿಂತಿದ್ದಾರೆ ಎಂದು ನಾನು ತಲೆ ಎತ್ತಿ ನೋಡಿದೆ. ಆಮೇಲೆ ಮೆಲ್ಲಗೆ, ಭಯವೋ ಸಂತೋಷವೋ ತಿಳಿಯದ ದನಿಯಲ್ಲಿ, ‘ಬಂದವರು ಯಾರು’ ಎಂದಳು. ನನ್ನ ಮೈ ಜುಮ್ಮೆಂದಿತು. ಆ ಜಾಗ ನನಗೆ ಹೊಸದಲ್ಲ. ದಿನವೂ ಕೇಳುತ್ತಿದ್ದೆ, ದಿನವೂ ಹಾಗೇ ಆಗುತ್ತಿತ್ತು.

ಭಾನುವಾರ ಹೈಮ ಜಗಲಿಯ ಮೇಲೆ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ನಮಗೆ ಅವಳ ಮೊಣಕಾಲೂ ಸೆರಗಿನ ತುದಿಯೂ ಕಾಣುತ್ತಿದ್ದವು.

ಪದ್ಮಾಂಬನವರು ಹಿಟ್ಟಿನ ಗಿರಣಿಯಲ್ಲಿದ್ದರಂತೆ. “ಅಷ್ಟು ಗಲಾಟೇಲೂ ಒಂದೊಂದು ಪದ ಬಿಡಿಬಿಡಿಯಾಗಿ ಕೇಳ್ತು ಕಣ್ರಮ್ಮ. ರಾಗಿ ಹಿಟ್ಟಿಗೆ ಬದಲು ಯಾರದೋ ಜೋಳದ ಹಿಟ್ಟು ಹೊತ್ಕೊಂಡು ಮನೆಗೆ ಹೋಗಿದ್ದೀನಿ.” ಎಂಟು ಗುಂಡಿ.

ಖುರ್ಷಿದಾ ಒಂದು ಮಗುವಿಗೆ ಇಂಜೆಕ್ಷನ್ ಕೊಡುತ್ತಿದ್ದಳು. “ಮಗು ಅಳ್ತು, ನಾನೂ ಅತ್ತೆ. ಆ ತಾಯಿ ಮಗು ಬಿಟ್ಟು ನನ್ನ ಬೆನ್ನು ಸವರ್ತಾ ನಿಂತಿದ್ಲು. ಐದನೇ ಹಾಡಿಗೆ ಆಸ್ಪತ್ರೇಲಿ ಬಾಗಿಲು ಹಾಕ್ಕೊಂಡು ಕೂತ್ಬಿಡೋಣ ಅನ್ನಿಸ್ತು.” ಒಂಬತ್ತು.

ಎಸ್ತರ್ ಟೀಚರ್ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದರು. “ಹದಿನೇಳು ಮಕ್ಕಳ ತಪ್ಪು ಲೆಕ್ಕಕ್ಕೆ ರೈಟ್ ಹಾಕಿದ್ದೀನಿ. ಆ ಮಟ್ಟಿಗೆ ಹೈಮವತಿಯವರು ಗೆದ್ರು. ಆದ್ರೆ ಆ ಕೀಬೋರ್ಡು! ಮನೆಗೆ ಬಂದ ನೆಂಟ ಮಾತಿಗೆ ಮಾತಿಗೆ ಬಾಯಿ ಹಾಕೋ ಹಾಗೆ.” ಎಣಿಸಿ ಎಣಿಸಿ ಆರು ಹಾಕಿದರು.

ಇಪ್ಪತ್ತಮೂರು. ಲೆಕ್ಕ ಎಲ್ಲರಿಗೂ ಗೊತ್ತಾಗಿತ್ತು. ನನ್ನ ಏಳು ಬಿದ್ದರೆ ಮೂವತ್ತು. ಬಾಗಿಲಲ್ಲಿ ಕಾಣುತ್ತಿದ್ದ ಸೆರಗಿನ ತುದಿಯನ್ನು ಎರಡು ಬೆರಳು ಸುತ್ತುತ್ತಿದ್ದವು.

“ಎಲ್ಲಿದ್ರಿ ಇಂದಕ್ಕ?” ಎಂದಳು ಖುರ್ಷಿದಾ.

“ಅಡುಗೆಮನೇಲಿ. ಅಕ್ಕಿ ಕೇರ್ತಿದ್ದೆ.”

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಿಯಮ ಮಾಡಿದವಳೇ ಅರ್ಧ ಹೇಳಿ ಕೈ ತೊಳೆದುಕೊಂಡರೆ ಇಪ್ಪತ್ತೆರಡು ವರ್ಷ ಹಾಕಿದ ಗುಂಡಿಗೆಲ್ಲ ಏನು ಬೆಲೆ? ಹೈಮ ವಾಪಸು ಬಂದದ್ದು, ಅದೇ ಹಾಡು ಎತ್ತಿಕೊಂಡದ್ದು, ಎರಡೂ ಒಟ್ಟಿಗೆ ಕೇಳಿದ್ದು, ಎಲ್ಲ ಹೇಳಿದೆ. ಜಗಲಿಯಲ್ಲಿ ಸೆರಗು ಸುತ್ತುವುದು ನಿಂತಿತು.

ಎಸ್ತರ್ ಟೀಚರ್ ಸುಮ್ಮನಿರುವವರಲ್ಲ. “ನಿಮ್ಮ ಒಲೆ ಇರೋದು ಕಿಟಕಿ ಹತ್ರ. ಬೆಳಕೂ ಅಲ್ಲೇ. ಅಕ್ಕಿ ಕೇರೋಕೆ ಆ ಕತ್ತಲೆ ಗೋಡೆ ಪಕ್ಕ ಯಾಕೆ ಕೂತಿದ್ರಿ?”

“ದಿನಾ ಅಲ್ಲೇ ಕೂರೋದು.”

“ಅದೇ, ಯಾಕೆ?”

ನನ್ನ ಕೈಯಲ್ಲಿ ಗುಂಡಿಗಳು ಬೆವೆತಿದ್ದವು. “ಅವಳ ಹಾಡು ಕೇಳೋಕೆ,” ಎಂದೆ.

“ಯಾವಾಗಿಂದ?”

“ಗೋಡೆ ಎದ್ದಾಗಿಂದ. ಹದಿನಾರು ವರ್ಷ ಆಯ್ತು.”

ಪದ್ಮಾಂಬನವರು ಕನ್ನಡಕ ತೆಗೆದು ಒರೆಸಿಕೊಂಡರು. ಖುರ್ಷಿದಾ ಮಾತ್ರ ಹಿಗ್ಗಿ ತೊಡೆ ತಟ್ಟಿದಳು. “ಹಾಗಾದ್ರೆ ಇನ್ನೇನು! ಹಾಡು ಬಂದ ಹೊತ್ತಲ್ಲಿ ಕಿವಿಗೆ ಬಿದ್ದದ್ದೆಲ್ಲ ಹಾಡಿಗೇ ಸೇರಿದ್ದು. ನೀವೇ ಮಾಡಿದ್ದು ಆ ನಿಯಮ. ಗೋಡೆಯಾಚೆ ಅವಳು ಹಾಡಿದ್ದೂ ಸೇರ್ತು. ಹಾಕಿ ಹತ್ತು.”

“ನಿಯಮದ ಪ್ರಕಾರ ಸರಿ,” ಎಂದರು ಎಸ್ತರ್ ಟೀಚರ್ ಒಲ್ಲದ ಮನಸ್ಸಿನಿಂದ.

ನನಗೂ ಅದು ಹೊಳೆದಿತ್ತು. ಶನಿವಾರದಿಂದ ಅದೊಂದನ್ನೇ ಮಗುಚಿ ಮಗುಚಿ ನೋಡಿದ್ದೆ. ಎಲ್ಲರಿಗೂ ಒಪ್ಪಿಗೆಯಾಗುವ ದಾರಿ, ನನಗೂ ಇಪ್ಪತ್ತಮೂರು ವರ್ಷದ ಭಾರ ಇಳಿಸಿಕೊಳ್ಳುವ ದಾರಿ.

“ಆಗಲ್ಲ,” ಎಂದೆ. “ಕುಕ್ಕರ್ ಕೂಗಿದ್ರೆ ಅದು ಹಾಡಿನ ಅದೃಷ್ಟ. ಹೈಮ ಹಾಡಿದ್ದು ಅದೃಷ್ಟ ಅಲ್ಲ, ಅವಳ ದುಡಿಮೆ. ಗೋಡೆಯಾಚೆ ಹಾಡಿದವಳಿಗೆ ನನ್ನ ಕೈಯಲ್ಲಿರೋ ಹತ್ತೂ ಹಾಕ್ತೀನಿ, ಇನ್ನೂ ಇದ್ರೆ ಅದನ್ನೂ ಹಾಕ್ತೀನಿ. ಆದ್ರೆ ಈ ಕ್ಯಾಸೆಟ್ಟಲ್ಲಿರೋದು ಅವಳಲ್ಲಿ ಅರ್ಧ. ಅರ್ಧಕ್ಕೆ ಹತ್ತು ಹಾಕಿದ್ರೆ, ಇನ್ನರ್ಧಕ್ಕೆ ನಾನು ಮಾಡೋ ಅವಮಾನ ಅದು.”

ಒಂದೊಂದಾಗಿ ಆರು ಹಾಕಿದೆ. ಆರನೆಯದು ಬಟ್ಟಲಿನ ಅಂಚಿಗೆ ತಗುಲಿ ಟಣ್ಣೆಂದಿತು.

“ಇನ್ನೊಂದು, ಇಂದು,” ಎಂದರು ಪದ್ಮಾಂಬನವರು, ಕೈ ಮುಗಿಯುವುದೊಂದು ಬಾಕಿ. “ಒಂದೇ ಒಂದು. ಅವಳ ಬಾಳಿನ ಪ್ರಶ್ನೆ ಕಣಮ್ಮ.”

“ಹಾಕ್ಬೇಡಿ ಅಕ್ಕ.”

ಹೈಮ ಬಾಗಿಲಲ್ಲಿ ನಿಂತಿದ್ದಳು. ಹಲಗೆ ಬೀಳುವ ಮೊದಲು ಹಾಡಿದವರು ಬಾಯಿ ಬಿಟ್ಟದ್ದು ನಮ್ಮ ಕೂಟದಲ್ಲಿ ಅದೇ ಮೊದಲು. ಎಸ್ತರ್ ಟೀಚರ್ ಕೂಡ ಆಕ್ಷೇಪಿಸಲಿಲ್ಲ. ಅವಳು ಒಳಗೆ ಬಂದು ನನ್ನೆದುರು ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಕೂತಳು. ಕಣ್ಣು ಒದ್ದೆಯಾಗಿತ್ತು, ಗಲ್ಲ ಮಾತ್ರ ಮುಂದಕ್ಕೆ ಬಂದಿತ್ತು.

“ಯಾವ ಜಾಗ? ಎಲ್ಲಿ ಅರ್ಧ ಆಯ್ತು, ಅದನ್ನ ಹೇಳಿ.”

“ಪಲ್ಲವೀಲಿ. ಬಾಗಿಲು ತೆಗೆದಿದೆ ಅಂದ್ಮೇಲೆ ನೀನು ಮನೇಲಿ ನಿಲ್ತೀಯಾ. ಕ್ಯಾಸೆಟ್ಟಲ್ಲಿ ನಿಂತಿಲ್ಲ. ಬಂದವರು ಯಾರೋ ಬರೋ ಮೊದಲೇ ಯಾರು ಅಂತ ಕೇಳಿಬಿಟ್ಟಿದ್ದೀಯಾ.”

“ಸ್ಟುಡಿಯೋದಲ್ಲಿ ಯಾಕೆ ನಿಲ್ಲಲಿ ಅಕ್ಕ?” ಎಂದಳು. “ಮನೇಲಿ ಅಲ್ಲಿ ಯಾಕೆ ನಿಲ್ತೀನಿ ಗೊತ್ತಾ ನಿಮಗೆ? ಆಚೆ ಕಡೆ ನಿಮ್ಮ ಮೊರ ಸರ್ ಸರ್ ಅಂತಿರತ್ತೆ. ಆ ಸಾಲು ಸರಿಯಾಗಿ ಬಂದ್ರೆ ಮೊರ ನಿಲ್ಲತ್ತೆ. ನಿಂತ್ರೆ ಮುಂದಕ್ಕೆ ಹೋಗ್ತೀನಿ. ನಿಲ್ಲಲಿಲ್ಲ ಅಂದ್ರೆ ಅವತ್ತು ಬಂದಿಲ್ಲ ಅಂತ ಲೆಕ್ಕ, ನಾಳೆ ಇನ್ನೊಂದ್ಸಲ ನೋಡ್ತೀನಿ. ಬಾಯಲ್ಲಿ ನೀವು ಒಂದು ಮಾತು ಹೇಳಿದವರಲ್ಲ. ಮೊರ ಸುಳ್ಳು ಹೇಳಲ್ಲವಲ್ಲ. ಆ ಸ್ಟುಡಿಯೋದಲ್ಲಿ ಸುತ್ತಲೂ ಹತ್ತಿ ಮೆತ್ತಿದ ಗೋಡೆ, ಆಚೆ ಕಡೆ ಯಾರೂ ಇಲ್ಲ. ಯಾರಿಗೋಸ್ಕರ ನಿಲ್ಲಲಿ?”

ನಾನು ಕೇರುವುದನ್ನು ನಿಲ್ಲಿಸುತ್ತಿದ್ದೆ ಎಂಬುದೇ ನನಗೆ ತಿಳಿದಿರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಕದ್ದು ಕೇಳುತ್ತಿದ್ದೇನೆ ಎಂದುಕೊಂಡಿದ್ದೆ. ಹದಿನಾರು ವರ್ಷ ದಿನಾ ನಾನು ಅವಳಿಗೆ ಅಂಕ ಹಾಕುತ್ತಿದ್ದೆ, ದಿನಾ ಅವಳು ಅದನ್ನು ತೆಗೆದುಕೊಳ್ಳುತ್ತಿದ್ದಳು. ಆ ಹಾಡನ್ನು ಅವಳು ಕಟ್ಟಿದ್ದು ನನ್ನ ಕಿವಿಯ ಅಳತೆಗೆ. “ಚೆನ್ನಾಗಿ ಹಾಡ್ತೀಯಾ ಹೈಮ,” ಎಂದೆ. ಅಷ್ಟು ತಡವಾಗಿ ಬಂದ ಮಾತಾದರೂ ಹಳಸಿರಲಿಲ್ಲ. ಅವಳು ನಕ್ಕು ಮೂಗು ಒರೆಸಿಕೊಂಡಳು.

“ಐದು ಗಂಟೆ ಆಯ್ತು,” ಎಂದರು ಎಸ್ತರ್ ಟೀಚರ್. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಇಪ್ಪತ್ತೊಂಬತ್ತು ಎಂದು ಬರೆದರು. ಅವರ ಅಕ್ಷರ ಯಾವತ್ತೂ ದುಂಡಗೆ, ಅವತ್ತು ಕೊಂಚ ವಾಲಿತ್ತು.

ಮರುದಿನ ಪಶುಪತಿ ಬಂದು ಹಲಗೆ ಓದಿ ಹೈಮಳ ಮನೆ ಬಾಗಿಲಿಗೇ ಹೋದ. ನಾನೂ ಅಲ್ಲೇ ಇದ್ದೆ. “ಒಂದು ಗುಂಡಿ ತಾನೆ ಕಮ್ಮಿ? ನಿಮ್ಮ ಅಕ್ಕನವರನ್ನ ಕೇಳಿ ಹಾಕಿಸ್ಕೊಳ್ಳಿ. ನಾನು ಮೂವತ್ತು ಅಂದ್ಕೋತೀನಿ,” ಎಂದ ದೊಡ್ಡ ಮನಸ್ಸು ಮಾಡುವವನ ಹಾಗೆ.

“ಅಂದ್ಕೊಳ್ಳೋದು ಬೇಡ,” ಎಂದಳು ಹೈಮ. “ನಮ್ಮೂರಲ್ಲಿ ಇಪ್ಪತ್ತೊಂಬತ್ತು ಅಂದ್ರೆ ಇಪ್ಪತ್ತೊಂಬತ್ತೇ. ನೀವು ಆಡಿದ ಮಾತಿನ ಹಾಗೇ ಆಗಲಿ. ಎರಡನೇದು ಬೇಡ.”

ಅವನು ಮುಖ ಉಬ್ಬಿಸಿಕೊಂಡು ಹೋದ. ಮೂರು ವಾರಕ್ಕೆ ಮತ್ತೆ ಬಂದ, ಈ ಸಲ ಹೂವು ಹಣ್ಣು ಹಿಡಿದುಕೊಂಡು, ಎರಡನೆಯ ಆಲ್ಬಂ ಮಾಡೋಣ ಎಂದು ಕೇಳಲು. ಆಗಿದ್ದೇನೆಂದರೆ, ಆ ಒಂದು ಗುಂಡಿ ಯಾಕೆ ಬೀಳಲಿಲ್ಲ ಎಂದು ತಿಳಿದುಕೊಳ್ಳಲು ಊರಿಗೆ ಊರೇ ಆ ಕ್ಯಾಸೆಟ್ ಕೊಂಡು ಕೇಳಿತ್ತು. ಕ್ಷೌರದಂಗಡಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲಿ ನೋಡಿದರೂ ಎಡಗೈ ಕಿವಿಗೆ ಇಟ್ಟುಕೊಂಡು ನಿಂತವರು. ಹಾಡು ಮುಗಿದ ಮೇಲೆ ಇಂದುಮತಿ ಹೇಳಿದ್ದು ಸರಿಯೋ ತಪ್ಪೋ ಎಂಬ ಜಗಳ. ಹೈಮ ಒಲ್ಲೆ ಎನ್ನಲಿಲ್ಲ, ಕೂಡಲೇ ಹೂಂ ಎನ್ನಲೂ ಇಲ್ಲ. ಕೀಬೋರ್ಡಿನವನು ತಾನು ಹೇಳಿದ ಕಡೆ ಬಾರಿಸಬೇಕು, ಹೇಳಿದ ಕಡೆ ಕೈ ಕಟ್ಟಿ ಕೂರಬೇಕು ಎಂದಳು. “ಇನ್ನೊಂದು. ಸ್ಟುಡಿಯೋ ಒಳಗೆ ನನ್ನ ಜೊತೆ ನಮ್ಮಕ್ಕ ಕೂರ್ತಾರೆ.”

ಹೊಳೆ ದಾಟಿದರೆ ಎಲ್ಲವೂ ಬೇರೆ. ಅಲ್ಲಿ ಯಂತ್ರ ಹಾಡಿದ್ದು ಆ ಕ್ಷಣವೇ ಕೇಳುತ್ತದೆ. ನನಗದು ಬಾಗಿಲು ತಟ್ಟದೆ ಒಳಗೆ ನುಗ್ಗಿದವರ ಹಾಗೆ ಅನ್ನಿಸಿತು. ಮೂಲೆಯಲ್ಲಿ ಚಾಪೆ ಹಾಸಿಸಿಕೊಂಡು ಎರಡು ಸೇರು ಅಕ್ಕಿ, ಮೊರದ ಜೊತೆ ಕೂತೆ. ಸುಮ್ಮನೆ ಕೂರುತ್ತೇನೆ ಎಂದರೆ ಹೈಮ ಕೇಳಲಿಲ್ಲ, ನೀವು ಕೇರದಿದ್ದರೆ ನಾನು ಹಾಡುವುದಿಲ್ಲ ಎಂದಳು. ಅವಳು ನಿಂತ ಕಡೆ ನನ್ನ ಮೊರ ನಿಂತಿತು, ಮೊರ ನಿಂತ ಕಡೆ ಅವಳು ನಿಂತಳು. ಮುಗಿದ ಮೇಲೆ ಯಂತ್ರದ ಹುಡುಗ ಕಿವಿಗೆ ಹಾಕಿದ್ದನ್ನು ತೆಗೆದು ತಲೆ ಕೆರೆದುಕೊಂಡ.

“ಮೇಡಂ, ಹಿಂದುಗಡೆ ಏನೋ ಸರ್ ಸರ್ ಅಂತ ಬರ್ತಾ ಇದೆ. ಮಧ್ಯೆ ಮಧ್ಯೆ ನಿಂತುಹೋಗತ್ತೆ. ತೆಗೆದುಬಿಡ್ಲಾ?”

“ಇರ್ಲಿ ಬಿಡಿ,” ಎಂದಳು ಹೈಮ. “ಅದು ನಮ್ಮಕ್ಕ.”

ಆ ಆಲ್ಬಂ ಕೂಟಕ್ಕೆ ಬಂದ ಭಾನುವಾರ ನಾನು ಬಟ್ಟಲಿನ ಹತ್ತಿರ ಹೋಗಲಿಲ್ಲ. ಮೊರ ಹಿಡಿದು ಹಾಡಿನ ಒಳಗೇ ಕೂತವಳು ಗುಂಡಿ ಹಾಕುವಂತಿಲ್ಲ. ಈ ಸಲ ಮೂವರೇ ಹಾಕುವುದು, ಮೂವತ್ತರಲ್ಲಿ ಎಷ್ಟು ಬಿದ್ದರೆ ಅಷ್ಟು ಎಂದಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಜಗಲಿಯ ಮೇಲೆ ಕೂತೆ, ಹೈಮಳ ಪಕ್ಕ. ಒಳಗಿನ ಮಾತು ಅಲ್ಲಿಂದ ಎಷ್ಟು ಬೇರೆಯಾಗಿ ಕೇಳುತ್ತದೆ ಎಂಬುದು ಆಗ ತಿಳಿಯಿತು. ಪದ್ಮಾಂಬನವರು ಒಂಬತ್ತು ಹಾಕಿದರು, ಅವರ ಕೈಯಿಂದ ಎಂಟು ದಾಟಿದ್ದು ಅದೇ ಮೊದಲು. ಖುರ್ಷಿದಾ ಅಳುತ್ತಲೇ ಹತ್ತನ್ನೂ ಸುರಿದಳು. ಆಮೇಲೆ ಎಸ್ತರ್ ಟೀಚರ್ ಗಂಟಲು ಸರಿಮಾಡಿಕೊಂಡರು.

“ಹೈಮವತಿಯವರ ಮೇಲೆ ನನ್ನ ತಕರಾರಿಲ್ಲ. ಆದ್ರೆ ಆ ಮೊರ. ಆರನೇ ಹಾಡಿನ ಕೊನೇ ಚರಣದಲ್ಲಿ ಅದು ತಡವಾಗಿ ನಿಂತಿದೆ. ಹಾಡು ನಿಂತು ಒಂದು ಮಾತ್ರೆ ಕಳೆದ ಮೇಲೆ ಮೊರ ನಿಂತಿದೆ. ಅದಕ್ಕೊಂದು ಗುಂಡಿ ಹಿಡೀತೀನಿ.”

ನಾನು ದಡಕ್ಕನೆ ಎದ್ದೆ. “ತಡ ಅಂತೆ! ನಿಮ್ಮ ಕಿವಿ...” ಎನ್ನುವಷ್ಟರಲ್ಲಿ ಹೈಮ ನನ್ನ ಸೆರಗು ಹಿಡಿದು ಜಗ್ಗಿದಳು.

“ಕೂತ್ಕೊಳ್ಳಿ ಅಕ್ಕ. ಹಲಗೆ ಬೀಳೋವರೆಗೆ ಬಾಯಿ ಬಿಡೋ ಹಾಗಿಲ್ಲ. ಯಾರು ಮಾಡಿದ ನಿಯಮ?” ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಿದ್ದಳು.

ಕೂತೆ. ಒಳಗೆ ಗುಂಡಿಗಳು ಬೀಳತೊಡಗಿದವು. ಒಂದು, ಎರಡು, ಮೂರು. ಎಸ್ತರ್ ಟೀಚರ್ ಹೇಳಿದ್ದು ಸರಿಯಾಗಿಯೇ ಇತ್ತು. ಆ ಜಾಗದಲ್ಲಿ ಅವಳ ದನಿಗೆ ಮೈಮರೆತು ನಾನು ಕೈ ನಿಲ್ಲಿಸುವುದು ತಡವಾಗಿತ್ತು, ನನಗೆ ಗೊತ್ತಿತ್ತು. ಎಂಟು, ಒಂಬತ್ತು. ಹತ್ತನೆಯದು ಬೀಳಲಿಲ್ಲ. ಇಪ್ಪತ್ತಮೂರು ವರ್ಷದ ಮೇಲೆ ಹಾಡಿನಲ್ಲಿ ನನ್ನ ತಪ್ಪೊಂದನ್ನು ಯಾರೋ ಎಣಿಕೆಗೆ ತೆಗೆದುಕೊಂಡಿದ್ದರು. ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿದೆ, ಪೇಟೆಬೀದಿಯಲ್ಲಿ ಹಲಗೆಗೆ ಕಾಯುತ್ತ ನಿಂತವರಿಗೆಲ್ಲ ಕಾಣುವ ಹಾಗೆ.